ತಿರುಗುಮುರುಗು ಸಿಕ್ಕಿಸಿದ ತಂತಿ

ಬಾಯಲ್ಲಿ ಏನಾದರೂ ಇದ್ದರೆ ಈಗಲೇ ನುಂಗಿಬಿಡಿ. ಇದನ್ನು ಕೇಳುವಾಗ ಯಾರೂ ಏನನ್ನೂ ಅಗಿಯುತ್ತ ಕೂರಬಾರದು. ಎದ್ದು ಹೋಗುವವರಿದ್ದರೆ ಈಗಲೇ ಹೋಗಿ... ನಡುವೆ ಏಳಬೇಡಿ.

ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು ಇದು. ನಾವೆಲ್ಲ ಅವಳನ್ನು ಅಕ್ಕ ಎನ್ನುತ್ತೇವೆ. ನೀವೂ ಹಾಗೇ ಅಂದುಕೊಳ್ಳಿ. ಅವತ್ತು ಅಕ್ಕ ಆಸ್ಪತ್ರೆಯಿಂದ ಹೊರಟಾಗ ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದಾಗಿತ್ತು. ಬಸ್ಸು ಇಳಿದರೆ ಮನೆಗೆ ಒಂದೇ ಓಣಿ. ಓಣಿಯ ಕೊನೆಗೆ ಅವಳ ಬಾಡಿಗೆ ಮನೆ. ಆ ಮನೆಯ ಕಾಂಪೌಂಡಿಗೆ ಬೆನ್ನು ಹಚ್ಚಿಕೊಂಡು ಒಂದು ಹಾಳುಬಾವಿ.

ಬಾವಿಯ ಮೇಲೆ ಕಬ್ಬಿಣದ ಜಾಲರಿ ಇತ್ತು. ಇದ್ದರೇನು... ಓಣಿಯವರಿಗೆ ಅದೇ ಕಸದ ಬುಟ್ಟಿ. ತಟ್ಟೆಯಲ್ಲಿ ಮಿಕ್ಕದ್ದು, ಒಡೆದ ಹಾಲು, ಮಕ್ಕಳು ಕಚ್ಚಿಬಿಟ್ಟ ಬ್ರೆಡ್ಡು, ಎಲ್ಲವನ್ನೂ ಜಾಲರಿಯ ಸಂದಿಯಲ್ಲಿ ತುರುಕಿ ಕೈ ಒರೆಸಿಕೊಂಡು ಹೋಗುತ್ತಿದ್ದರು. ಓದಿದವರೇ. ಇಸ್ತ್ರಿ ಮಾಡಿದ ಬಟ್ಟೆ ಹಾಕುವವರೇ. ಜಾಲರಿಯ ಸರಳುಗಳ ಮೇಲೆ ಅಂಟಂಟು ಪದರ ಒಣಗಿ, ಅದರ ಮೇಲೆ ಇನ್ನೊಂದು ಪದರ ಒಣಗಿ, ಕಬ್ಬಿಣವೇ ಕಾಣುತ್ತಿರಲಿಲ್ಲ. ಅಕ್ಕ ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಉಸಿರು ಬಿಗಿಹಿಡಿದು ಆ ಜಾಗ ದಾಟುತ್ತಿದ್ದಳು.

ಅವತ್ತು ದಾಟುವಾಗ ಸದ್ದು ಕೇಳಿತು.

ಚಪ್... ಚಪ್... ಚಪ್...

ತುಟಿ ಮುಚ್ಚದೆ ಅಗಿಯುವ ಸದ್ದು. ನಡುವೆ ಲೊಚ್ ಎಂದು ಒಂದು ಎಳೆತ. ಆಮೇಲೆ... ಗುಟುಕ್.

ನಾಯಿ ಇರಬೇಕು ಅಂದುಕೊಂಡಳು. ಆದರೆ ನಾಯಿ ಗಬಗಬ ತಿನ್ನುತ್ತದೆ. ಇದು ಸಾವಕಾಶವಾಗಿ, ಚಪ್ಪರಿಸಿಕೊಂಡು, ಪುರುಸೊತ್ತು ಇದ್ದವರ ಹಾಗೆ ತಿನ್ನುತ್ತಿತ್ತು. ಬಾವಿಯಿಂದಲೂ ಬರುತ್ತಿರಲಿಲ್ಲ ಆ ಸದ್ದು. ಕಾಂಪೌಂಡಿನ ಆಚೆಯಿಂದ, ಅವಳ ಮನೆಯೊಳಗಿನಿಂದ ಬರುತ್ತಿತ್ತು.

ಅಕ್ಕನ ಕಿವಿಯ ವಿಷಯ ಹೇಳಬೇಕು. ಡಾಕ್ಟರುಗಳು ರೋಗಿಯನ್ನು ನೋಡಿದ ಮೇಲೆ ಏನೇನು ಕಂಡಿತೆಂದು ಮೈಕಿಗೆ ಒದರಿ ಹೋಗುತ್ತಾರಲ್ಲ, ಅದನ್ನು ಹೆಡ್‌ಫೋನಿನಲ್ಲಿ ಕೇಳಿ ತಪ್ಪಿಲ್ಲದೆ ಟೈಪ್ ಮಾಡುವುದು ಅವಳ ಕೆಲಸ. ಡಾಕ್ಟರು ನಡುವೆ ಕೆಮ್ಮಿದರೆ ಅದು ಗಂಟಲ ಕೆಮ್ಮೋ ಎದೆಯ ಕೆಮ್ಮೋ ಎಂದು ಹೇಳಬಲ್ಲಳು. ಅಂಥ ಕಿವಿಗೆ ಜಗತ್ತಿನಲ್ಲಿ ಸಹಿಸಲಾಗದ್ದು ಒಂದೇ ಒಂದು, ಅಗಿಯುವ ಸದ್ದು. ಮದುವೆಯಾದ ಹೊಸದರಲ್ಲೇ ಭಾವನಿಗೆ ಬಾಯಿ ಮುಚ್ಚಿ ತಿನ್ನಲು ಕಲಿಸಿದವಳು ಅವಳು. ನಮಗೂ ಕಲಿಸಿದ್ದಾಳೆ. ಅವಳ ಎದುರು ಬಿಸ್ಕತ್ತು ತಿನ್ನುವಾಗ ನಾವು ಅದನ್ನು ಹಾಲಿನಲ್ಲಿ ನೆನೆಸಿ, ಮೆತ್ತಗೆ ಮಾಡಿಕೊಂಡೇ ಬಾಯಿಗೆ ಇಡುತ್ತಿದ್ದೆವು.

ಬಾಗಿಲು ತೆಗೆದು ಒಳಗೆ ಹೋದಳು. ಸದ್ದು ನಿಂತಿತು. ಮಲಗಿದ್ದ ಭಾವನನ್ನು ಅಲುಗಿಸಿ ಎಬ್ಬಿಸಿದಳು.

"ಏನ್ರೀ ತಿಂತಿದ್ರಿ?"

"ಬೈಗುಳ. ಅದೂ ನೀನು ಬಂದಮೇಲೆ," ಅಂದ ಭಾವ, ಕಣ್ಣು ಬಿಡದೆ.

ಬಾಯಿ ತೆರೆಸಿ ನೋಡಿದಳು. ಏನೂ ಇರಲಿಲ್ಲ. ಅತ್ತೆಯ ಕೋಣೆಗೆ ಹೋದಳು. ಅತ್ತೆಗೆ ಹಲ್ಲೇ ಇಲ್ಲ, ಗಂಜಿಯಂತೆ ಮಾಡಿಕೊಟ್ಟದ್ದನ್ನು ನುಂಗುವವರು, ಅವರೂ ನಿದ್ದೆಯಲ್ಲಿದ್ದರು. ಅಡುಗೆಮನೆಯಲ್ಲಿ ಅವಳಿಗೆಂದು ಮುಚ್ಚಿಟ್ಟಿದ್ದ ಅನ್ನದ ಪಾತ್ರೆಯ ಮುಚ್ಚಳ ಮುಚ್ಚಿದಂತೆಯೇ ಇತ್ತು. ತೆಗೆದರೆ ಅನ್ನ ಅರ್ಧ. ಉಳಿದ ಅರ್ಧದ ಮೇಲೆ ಲೋಳೆ. ಎಳೆ ಎಳೆಯಾಗಿ, ಚಮಚಕ್ಕೆ ಅಂಟಿಕೊಂಡು ಬರುವಂಥ ಲೋಳೆ.

ಅಕ್ಕ ಪಾತ್ರೆಸಮೇತ ಎಸೆದಳು. ಆ ರಾತ್ರಿ ಉಪವಾಸ.

ಆ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ. ಬಾಡಿಗೆಗೆ ಕೊಡುವಾಗ ಮನೆಯೊಡತಿ ಹಲ್ಲಿನ ಸಂದಿ ಕೆದಕಿಕೊಳ್ಳುತ್ತಲೇ ಹೇಳಿದ್ದಳಂತೆ: ಹಿಂದೆ ಇದ್ದವರು ಟೆಲಿಫೋನ್ ಇಲಾಖೆಯಿಂದ ರಿಟೈರಾದವರು, ಒಬ್ಬರೇ ಇದ್ದರು. ಅಡುಗೆಮನೆ ತುಂಬ ಸಾಮಾನು ತುಂಬಿಟ್ಟುಕೊಂಡೂ ಮನುಷ್ಯ ಮಾತ್ರ ಒಣಗಿ ಒಣಗಿ ಕಡ್ಡಿಯಾಗಿ ಹಾಸಿಗೆಯಲ್ಲೇ ಸತ್ತರು. ಅದಾದ ಮೇಲೆ ಒಂದು ವರ್ಷ ಮನೆ ಬೀಗ ಹಾಕಿಕೊಂಡೇ ಇತ್ತು.

ಆ ಮನುಷ್ಯ ಬಿಟ್ಟುಹೋದದ್ದು ಒಂದೇ ವಸ್ತು. ಮುಂದಿನ ಕೋಣೆಯ ಬಾಗಿಲಿನ ಮೇಲೆ, ಗೂಡಿನಲ್ಲಿ ಒಂದು ಕಪ್ಪು ಪೆಟ್ಟಿಗೆ. ಊಟದ ಡಬ್ಬಿಯಷ್ಟು ದೊಡ್ಡದು. ಹಿಂದುಗಡೆ ತಂತಿ ಸಿಕ್ಕಿಸುವ ಎರಡು ತೂತು. ಅದು ಫೈರ್‌ವಾಲ್ ರೂಟರು. ಇಂಟರ್ನೆಟ್ಟಿಗೂ ಮನೆಗೂ ನಡುವೆ ಕೂತ ಕಾವಲುಗಾರ ಎಂದುಕೊಳ್ಳಿ. ಹೊರಗಿನಿಂದ ಕಂಡಕಂಡದ್ದೆಲ್ಲ ಒಳಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಅಂಗಡಿಯಲ್ಲಿ ತಂದದ್ದಲ್ಲ, ಆ ಮನುಷ್ಯನೇ ಲಿನಕ್ಸ್ ಎಂಬ ಸಾಫ್ಟ್‌ವೇರ್ ಹಾಕಿ ಕೈಯಾರೆ ಮಾಡಿಕೊಂಡದ್ದು.

ಪೆಟ್ಟಿಗೆಯ ದೀಪ ಮಿನುಗುತ್ತಿತ್ತು. ಆದರೆ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಓಣಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಬಾವಿಯ ಹತ್ತಿರ ಮಾತ್ರ, ಅಲ್ಲಿ ನಿಂತು ಮಾತಾಡಲು ಮೂಗು ಬಿಡಬೇಕಲ್ಲ. ರೋಗಿಗಳ ವಿಷಯ ಬೀದಿಪಾಲಾಗಬಾರದು, ಫೈರ್‌ವಾಲ್ ಇಲ್ಲದ ಮನೆಯಿಂದ ಕೆಲಸ ಮಾಡಕೂಡದು ಎಂದು ಆಸ್ಪತ್ರೆಯ ಕಟ್ಟಪ್ಪಣೆ. ಹಾಗಾಗಿ ಅಕ್ಕ ದಿನಾ ಆಸ್ಪತ್ರೆಗೇ ಹೋಗಿ, ಹೊತ್ತು ಮುಳುಗಿದ ಮೇಲೆ ಆ ಓಣಿಯಲ್ಲಿ ನಡೆದು ಬರಬೇಕಾಗಿತ್ತು.

ಅದಕ್ಕಿಂತ ದೊಡ್ಡ ಸಂಕಟ ಅತ್ತೆಯದು. ಮಗಳು, ಅಂದರೆ ಅಕ್ಕನ ನಾದಿನಿ, ದೂರದ ಊರಿನಲ್ಲಿ ಹೆತ್ತಿದ್ದಳು. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದ ಹೆಣ್ಣು ಕೂಸು. ಮಂಡಿನೋವಿನ ಅತ್ತೆ ಪ್ರಯಾಣ ಮಾಡುವ ಹಾಗಿಲ್ಲ. ಫೋಟೋದಲ್ಲಿ ಬಿಟ್ಟರೆ ಮೊಮ್ಮಗಳ ಮುಖವನ್ನೇ ನೋಡಿಲ್ಲ. ದಿನಾ ಬೆಳಗ್ಗೆ ಕೇಳುವುದು ಒಂದೇ ಮಾತು: "ಇವತ್ತಾದ್ರೂ ಮಗು ತೋರಿಸ್ತೀಯೇನಮ್ಮಾ?"

ಭಾವ ಪುಸ್ತಕಕ್ಕೆ ರಟ್ಟು ಕಟ್ಟುವ ಬೈಂಡರು. ಹಗಲೆಲ್ಲ ಅಂಟಿನ ವಾಸನೆಯಲ್ಲಿ ಇದ್ದು ಮೂಗು ಸತ್ತುಹೋಗಿದೆ. ಪೆಟ್ಟಿಗೆಯನ್ನು ಗುಜರಿಗೆ ಹಾಕಿ ಹೊಸದು ತರೋಣ ಎಂದ. ಅಕ್ಕ ಒಪ್ಪಲಿಲ್ಲ. ಕೆಟ್ಟದ್ದನ್ನು ಎಸೆಯುವುದು ಸೋಮಾರಿಗಳ ಕೆಲಸ, ಯಾಕೆ ಕೆಟ್ಟಿತು ಎಂದು ನೋಡುವುದು ಮನುಷ್ಯರ ಕೆಲಸ ಎಂದು ಅವಳ ನಂಬಿಕೆ. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನ ತಲೆ ತಿಂದು ವಿಷಯ ತಿಳಿದುಕೊಂಡಳು. ಭಾನುವಾರ ಮಧ್ಯಾಹ್ನ ರಬ್ಬರ್ ಕೈಗವಸು ಹಾಕಿಕೊಂಡು ಸ್ಟೂಲು ಹತ್ತಿದಳು.

ಪೆಟ್ಟಿಗೆ ಮುಟ್ಟಿದರೆ ಜಿಡ್ಡು. ಬೆಚ್ಚಗಿತ್ತು... ಯಂತ್ರ ಬಿಸಿಯಾದ ಹಾಗಲ್ಲ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ. ನಾಲ್ಕು ಸ್ಕ್ರೂಗಳ ಮೇಲೂ ಬಣ್ಣ ಬಳಿದಿತ್ತು, ಯಾರೂ ಬಿಚ್ಚಬಾರದೆಂಬಂತೆ. ಕೆರೆದು ಬಿಚ್ಚಿದಳು. ಕಟಕ್ ಎಂದು ಮುಚ್ಚಳ ಎದ್ದಿತು.

ಒಳಗಿನ ನಾತಕ್ಕೆ ಸ್ಟೂಲಿನಿಂದ ಬೀಳುವುದೊಂದು ಬಾಕಿ. ಹಸಿರು ಹಲಗೆಯ ತುಂಬ ಕೂದಲು ಸುತ್ತಿಕೊಂಡಿತ್ತು. ಕೂದಲ ನಡುವೆ ಜಿರಲೆಯ ಹೊಟ್ಟುಗಳು. ಅದನ್ನು ತಡೆದುಕೊಂಡಳು. ತಡೆಯಲಾಗದ್ದು ಮೂಲೆಯಲ್ಲಿತ್ತು. ಅಗಿದು ಉಗಿದ ಒಂದು ಉಂಡೆ. ಬೆರಳ ತುದಿಯಷ್ಟು. ಅದರಲ್ಲಿ ಅನ್ನದ ಅಗುಳು ಕಾಣುತ್ತಿತ್ತು. ಹಸಿಯಾಗಿತ್ತು. ಅವಳು ನೋಡುತ್ತಿದ್ದ ಹಾಗೇ ಅದರಿಂದ ಒಂದು ಹನಿ ಎಳೆಯಾಗಿ ಇಳಿಯಿತು.

"ಇಲಿ," ಅಂದ ಭಾವ ಕೆಳಗಿನಿಂದ.

"ಸ್ಕ್ರೂ ಬಿಚ್ಚಿ, ಊಟ ಮಾಡಿ, ತಿರುಗಿ ಬಣ್ಣ ಬಳಿದು ಹೋಗೋ ಇಲೀನಾ?"

"ಸಂಸ್ಕಾರವಂತ ಇಲಿ. ನಿನ್ನ ಹತ್ರ ಕಲಿತಿರಬೇಕು."

ಅಕ್ಕ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ಮುಖ ತೊಳೆದು, ಚಿಮುಟದಿಂದ ಅದನ್ನೆಲ್ಲ ಎತ್ತಿ ಸುಟ್ಟು, ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಕೆಲಸಕ್ಕೆ ಕೂತಳು. ಅವಳು ಅಂಥವಳು.

ಕಂಪ್ಯೂಟರಿಗೆ ಪೆಟ್ಟಿಗೆಯನ್ನು ಜೋಡಿಸಿ ಒಳಗಿನ ಕಡತ ತೆಗೆದು ನೋಡಿದ ಕೂಡಲೇ ತಪ್ಪು ಸಿಕ್ಕಿತು. ನೋಡಿ, ಇಂಥ ಪೆಟ್ಟಿಗೆಗೆ ಎರಡು ಮುಖ. ಹೊರಮುಖವನ್ನು ಅದು ನಂಬುವುದಿಲ್ಲ, ಅಲ್ಲಿಂದ ಬಂದದ್ದನ್ನೆಲ್ಲ ತಳ್ಳಿಬಿಡುತ್ತದೆ. ಒಳಮುಖವನ್ನು ನಂಬುತ್ತದೆ, ಮನೆಯವರು ಎಲ್ಲಿಗೆ ಬೇಕಾದರೂ ಹೋಗಬಹುದು. ಒಳಗಿನಿಂದ ಯಾರಾದರೂ ಹೊರಗೆ ಕರೆ ಕಳಿಸಿದರೆ, ಆ ಕರೆಗೆ ಉತ್ತರವಾಗಿ ಬಂದದ್ದನ್ನು ಮಾತ್ರ ಒಳಗೆ ಬಿಡುತ್ತದೆ. ಅಷ್ಟೇ ಕಾನೂನು. ಆ ಪುಣ್ಯಾತ್ಮ ಬೀದಿಯ ತಂತಿಯನ್ನು ಒಳಮುಖಕ್ಕೂ ಮನೆಯ ತಂತಿಯನ್ನು ಹೊರಮುಖಕ್ಕೂ ಸಿಕ್ಕಿಸಿದ್ದ. ಕಾವಲುಗಾರ ಮನೆಗೆ ಬೆನ್ನು ಹಾಕಿ ಬೀದಿ ಕಾಯುವ ಬದಲು, ಬೀದಿಗೆ ಬೆನ್ನು ಹಾಕಿ ಮನೆಯನ್ನೇ ದಿಟ್ಟಿಸಿಕೊಂಡು ಕೂತಿದ್ದ.

"ಟೆಲಿಫೋನ್ ಇಲಾಖೆಯವರಂತೆ," ಎಂದು ಅಕ್ಕ ಮೂಗು ಮುರಿದಳು. "ಇದಕ್ಕೇ ಆ ಕಾಲದಲ್ಲಿ ಒಬ್ಬರಿಗೆ ಫೋನ್ ಮಾಡಿದ್ರೆ ಇನ್ನೊಬ್ಬರಿಗೆ ಹೋಗ್ತಿದ್ದದ್ದು."

ಒಂದು ವಿಷಯ ಮಾತ್ರ ಅವಳಿಗೆ ಹಿಡಿಸಲಿಲ್ಲ. ತಳ್ಳಿದ್ದನ್ನೂ ಬಿಟ್ಟದ್ದನ್ನೂ ಪೆಟ್ಟಿಗೆ ನೆನಪಿಟ್ಟುಕೊಂಡಿರುತ್ತದೆ. ಪರದೆಯ ಮೇಲೆ ಆ ಸಾಲುಗಳು ಓಡಿದವು... ಓಡುತ್ತಲೇ ಇದ್ದವು. ಮನೆಯೊಳಗಿನಿಂದ ಒಂದೇ ಒಂದು ಯಂತ್ರ ಹೊರಗೆ ಹೋಗಲು ನೋಡುತ್ತಿತ್ತು. ಹೆಸರಿಲ್ಲ. ವಿಳಾಸವಿರಬೇಕಾದಲ್ಲಿ ಬರೀ ಸೊನ್ನೆ. ತಳ್ಳಿಸಿಕೊಳ್ಳುವುದು, ಮತ್ತೆ ಬರುವುದು. ಹಗಲೂ ರಾತ್ರಿ. ಮನೆಗೆ ಬೀಗ ಬಿದ್ದಿದ್ದ ಆ ಇಡೀ ವರ್ಷವೂ.

ಖಾಲಿ ಮನೆಯಲ್ಲಿ ಯಾವ ಯಂತ್ರ? ಅಕ್ಕ ಕೋಣೆ ಕೋಣೆ ಹುಡುಕಿದಳು. ಏನೂ ಸಿಗಲಿಲ್ಲ. ತಂತಿಯೇ ತಿರುಗುಮುರುಗಾಗಿರುವಾಗ ಪೆಟ್ಟಿಗೆ ಏನೇನೋ ಬಡಬಡಿಸಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಯುತ್ತ ಕೂತಿದ್ದರು.

ತಂತಿಗಳನ್ನು ಅದಲುಬದಲು ಮಾಡಿದಳು. ಟಕ್. ಟಕ್.

ಒಂದೇ ಏಟಿಗೆ ಸರಿಹೋಗಲಿಲ್ಲ. ಕಂಪ್ಯೂಟರಿನಿಂದ ಪೆಟ್ಟಿಗೆಯನ್ನು ಕೂಗಿದರೆ ಓಗೊಟ್ಟಿತು, ಪೆಟ್ಟಿಗೆಯಾಚೆ ಕೂಗಿದರೆ ಮೌನ. ಹೊರಮುಖಕ್ಕೆ ಹಳೆಯ ವಿಳಾಸವನ್ನು ಕಟ್ಟಿಹಾಕಿತ್ತು, ಅದನ್ನು ಅಳಿಸಿ ಇಂಟರ್ನೆಟ್ ಕಂಪನಿಯಿಂದಲೇ ಕೇಳಿ ಪಡೆಯುವ ಹಾಗೆ ಮಾಡಿದಳು. ಆಗ ಅಂಕಿಯಲ್ಲಿ ಕೂಗಿದರೆ ಉತ್ತರ ಬಂತು, ಹೆಸರು ಹಿಡಿದು ಕೂಗಿದರೆ ಇಲ್ಲ. ಹೆಸರನ್ನು ಅಂಕಿ ಮಾಡಿಕೊಡುವ ಸಾಲು ಬಿಟ್ಟುಹೋಗಿತ್ತು. ಅದನ್ನೂ ಬರೆದಳು. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದಳು. ಟಿಕ್... ಟಿಕ್... ಹಳದಿ ದೀಪ ಹಸಿರಾಯಿತು.

ಮೊದಲ ಕರೆಯೇ ನಾದಿನಿಗೆ. ಪರದೆಯ ಮೇಲೆ ತೊಟ್ಟಿಲು, ತೊಟ್ಟಿಲಲ್ಲಿ ಕೆಂಪು ಮುಷ್ಟಿ ಬಿಗಿದ ಕೂಸು. ಅತ್ತೆ ಬೊಚ್ಚುಬಾಯಿ ತೆರೆದು ನಕ್ಕರು, ಅತ್ತರು, ಪರದೆಯನ್ನೇ ಸವರಿದರು. ಭಾವನೂ ಕಣ್ಣೊರೆಸಿಕೊಂಡ. ಅಕ್ಕ ಸ್ಟೂಲಿನ ಮೇಲೆ ನೆಟ್ಟಗೆ ನಿಂತು ಎಲ್ಲರನ್ನೂ ನೋಡಿದಳು. ಹೆಮ್ಮೆ ಇರುವುದಿಲ್ಲವೇ?

ಅವತ್ತಿನಿಂದ ಮನೆಯಲ್ಲಿ ಅಗಿಯುವ ಸದ್ದಿಲ್ಲ. ಮುಚ್ಚಿಟ್ಟ ಅನ್ನ ಮುಚ್ಚಿಟ್ಟ ಹಾಗೇ. ನಾತವೂ ಹೋಯಿತು. ಅಕ್ಕ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದಳು. ಕೊಳಕು ತೆಗೆದರೆ ಇಲಿ ತಾನಾಗಿ ಓಡುತ್ತದೆ ಎಂದು ಭಾವನಿಗೆ ದಿನಕ್ಕೊಮ್ಮೆ ಹೇಳುತ್ತಿದ್ದಳು.

ಕೆಲವು ದಿನ ಕಳೆದ ಮೇಲೆ ನಾದಿನಿಯ ಕರೆ ಬಂತು. ಮುಖ ಬಾಡಿತ್ತು. ಪಿಸುದನಿ.

"ಅತ್ತಿಗೆ... ನಿಮ್ಮ ಮನೇಲಿ ಯಾರಾದ್ರೂ ಏನಾದ್ರೂ ತಿಂತಾ ಇದೀರಾ?"

"ಇಲ್ಲವಲ್ಲ. ಯಾಕೆ?"

"ಹಾಗಾದ್ರೆ ಆ ಸದ್ದು ನಮ್ಮ ಮನೇದೇ..."

ಅಕ್ಕ ಹೆಡ್‌ಫೋನ್ ಹಾಕಿಕೊಂಡಳು. ನಾದಿನಿಯ ಉಸಿರು. ಫ್ಯಾನಿನ ಗರಗರ. ಕೂಸಿನ ಸಣ್ಣ ನರಳಿಕೆ. ಅದರ ಹಿಂದೆ...

ಚಪ್... ಚಪ್... ಲೊಚ್... ಗುಟುಕ್.

ನಾದಿನಿ ಒಂದೊಂದಾಗಿ ಹೇಳಿದಳು. ಸೀಸೆ ಬಾಯಿಗಿಟ್ಟರೆ ಹಾಲು ಖಾಲಿಯಾಗುತ್ತದೆ, ಕೂಸು ಮಾತ್ರ ಹಸಿವೆಗೆ ಚೀರುತ್ತದೆ. ಎದೆಹಾಲು ಕೊಟ್ಟರೂ ಅದೇ ಕತೆ. ಸೀಸೆಯ ರಬ್ಬರು ತೊಟ್ಟನ್ನು ಯಾರೋ ಕಚ್ಚಿ ನುರಿಸಿದ್ದಾರೆ. ತೊಟ್ಟಿಲ ಬಟ್ಟೆ ತೆಗೆದಾಗ ಕೂಸಿನ ಕೆನ್ನೆಯ ಪಕ್ಕದಲ್ಲಿ ಒದ್ದೆಯಾದ ಒಂದು ಉಂಡೆ ಸಿಕ್ಕಿತು. ಡಾಕ್ಟರು ತೂಕ ನೋಡಿ ಇಳಿದಿದೆ ಎಂದರು, ಹೆಚ್ಚು ಹಾಲು ಕೊಡಿ ಎಂದರು. ಕೊಟ್ಟಷ್ಟೂ ಇಳಿಯುತ್ತಿದೆ. ಕೂಸನ್ನು ಎತ್ತಿಕೊಂಡು ಬೇರೆ ಕೋಣೆಗೆ ಹೋದರೆ ಸದ್ದೂ ಹಿಂದೆಯೇ ಬರುತ್ತದೆ. ಫೋನಿನಲ್ಲಿ ತೋರಿಸಿದಳು. ಮೊದಲ ದಿನ ಕಂಡ ಕೆಂಪು ಮುಷ್ಟಿಯ ಮೇಲೆ ಈಗ ಚರ್ಮ ಮಡಿಕೆ ಬಿದ್ದಿತ್ತು, ಮುದುಕಿಯ ಕೈಯ ಹಾಗೆ.

ಅತ್ತೆಗೆ ಕಾಣದಂತೆ ಅಕ್ಕ ಪರದೆ ತಿರುಗಿಸಿದಳು.

ಕರೆ ಮುಗಿಸಿ ಪೆಟ್ಟಿಗೆಯ ನೆನಪನ್ನು ತೆಗೆದು ನೋಡಿದಳು. ತಂತಿ ಅದಲುಬದಲು ಮಾಡಿದ ಆ ಭಾನುವಾರದ್ದು. ಮೊದಲ ಸಾಲು, ಅವಳ ಕಂಪ್ಯೂಟರು ನಾದಿನಿಯ ಮನೆಗೆ ಮಾಡಿದ ಕರೆ. ಅದರ ಬೆನ್ನಿಗೇ ಎರಡನೆಯದು. ಹೆಸರಿಲ್ಲ, ಬರೀ ಸೊನ್ನೆ. ಹೋದದ್ದು ನಾದಿನಿಯ ಮನೆಯ ವಿಳಾಸಕ್ಕೇ. ಹೊರಗೆ ಬಿಡಲಾಗಿದೆ ಎಂದಿತ್ತು. ತಿರುಗಿ ಬಂದ ಗುರುತು ಇರಲಿಲ್ಲ.

ಅಕ್ಕನಿಗೆ ಆಗ ಹೊಳೆಯಿತು. ಹಿಂದೆ ಆ ಮನೆಯಲ್ಲಿದ್ದ ಟೆಲಿಫೋನಿನವರು ತಂತಿಯನ್ನು ತಪ್ಪಾಗಿ ಸಿಕ್ಕಿಸಿರಲಿಲ್ಲ. ಊರನ್ನು ಕಾಯಲು ಸಿಕ್ಕಿಸಿದ್ದರು. ಅದು ಹೊರಗೆ ಹೋಗದಂತೆ ಕಟ್ಟಿಹಾಕಿ, ತಾವು ಒಳಗೇ ಉಳಿದು, ಒಣಗಿ ಸತ್ತಿದ್ದರು. ಅವಳು ಒಂದು ಮಧ್ಯಾಹ್ನದಲ್ಲಿ ಅದನ್ನು "ಸರಿ" ಮಾಡಿ, ನಗುನಗುತ್ತ, ತೊಟ್ಟಿಲಿನವರೆಗೆ ದಾರಿ ಬಿಟ್ಟುಕೊಟ್ಟಿದ್ದಳು.

ಭಾವನಿಗೆ ಅಡುಗೆಮನೆಯಲ್ಲಿ ನಿಂತು ಹೇಳಿದಳು, ಪಿಸುಮಾತಿನಲ್ಲಿ. ಅವನು ಈ ಸಲ ತಮಾಷೆ ಮಾಡಲಿಲ್ಲ. ತಂತಿಯನ್ನು ಮತ್ತೆ ತಿರುಗಿಸಿಬಿಡೋಣ ಎಂದ.

"ಈಗ ತಿರುಗಿಸಿದ್ರೆ ಏನು ಬಂತು? ಅದು ಅಲ್ಲಿದೆ. ಮೊದಲು ಇಲ್ಲಿಗೆ ಬರಬೇಕು. ಬಂದ ಮೇಲೆ ತಿರುಗಿಸಬೇಕು."

"ತಾನಾಗೇ ಬರುತ್ತಾ?"

"ಪೆಟ್ಟಿಗೆ ಬಿಡಲ್ಲ. ಒಳಗಿಂದ ಕರೆದ್ರೆ ಮಾತ್ರ ಬಿಡುತ್ತೆ."

ಭಾವ ಅನ್ನದ ಪಾತ್ರೆಯ ಮುಚ್ಚಳವನ್ನು ಒತ್ತಿ ಮುಚ್ಚಿದ. "ಆಮೇಲೆ ನಾವು ಅದರ ಜೊತೆ ಇರಬೇಕಲ್ಲೇ..."

"ಮಗುವಿನ ಜೊತೆ ಇರೋದು ಬೇಡ," ಅಂದಳು ಅಕ್ಕ.

ಮರುದಿನ ಬಿಸಿಲು ನೆತ್ತಿಯ ಮೇಲಿದ್ದಾಗಲೇ ಕೂತರು. ಅತ್ತೆಯನ್ನು ಪಕ್ಕದ ಮನೆಗೆ ಕಳಿಸಿ ಆಗಿತ್ತು. ಭಾವ ಸ್ಟೂಲಿನ ಮೇಲೆ, ಎರಡೂ ತಂತಿಗಳ ಮೇಲೆ ಎರಡು ಕೈ. ಅಕ್ಕ ಹೆಡ್‌ಫೋನ್ ಹಾಕಿ ಮೈಕಿನ ಮುಂದೆ. ಹಾಲು ಇದ್ದರೆ ಮಾತ್ರ ಅದು ತೊಟ್ಟಿಲ ಹತ್ತಿರ ಬರುತ್ತದೆ ಎಂದು ನಾದಿನಿ ಹೇಳಿದ್ದಳು. ಹಾಗಾಗಿ ಅಲ್ಲಿ ಅವಳು ಫೋನನ್ನು ತೊಟ್ಟಿಲ ಪಟ್ಟಿಗೆ ಒರಗಿಸಿಟ್ಟು, ಕೂಸಿನ ಬಾಯಿಗೆ ಸೀಸೆ ಕೊಟ್ಟು, ತಾನು ಉಸಿರೆತ್ತದೆ ಹಿಡಿದುಕೊಂಡು ಕೂತಳು.

ಬಂತು. ಚಪ್... ಚಪ್...

"ಬಾ," ಅಂದಳು ಅಕ್ಕ. "ಇಲ್ಲಿಗೆ ಬಾ. ಊಟ ಇಲ್ಲಿದೆ."

ಅದು ಕೇಳಿಸಿಕೊಳ್ಳಲಿಲ್ಲ. ಒಂದು ತಟ್ಟೆ ಅನ್ನ ಬಡಿಸಿ ಮೈಕಿನ ಹತ್ತಿರ ಇಟ್ಟಿದ್ದಳು, ಚಮಚದಿಂದ ತಟ್ಟೆ ಬಡಿದಳು. ಊಹೂಂ. ಅಲ್ಲಿ ಸೀಸೆಯ ಹಾಲು ಇಳಿಯುತ್ತಲೇ ಇತ್ತು, ಕೂಸು ಮುಲುಗುಟ್ಟುತ್ತಿತ್ತು. ಮಾತಿಗೆ ಅದು ಬಗ್ಗುವುದಿಲ್ಲ ಎಂದು ಅಕ್ಕನಿಗೆ ತಿಳಿಯಿತು. ಅದಕ್ಕೆ ತಿಳಿಯುವ ಭಾಷೆ ಒಂದೇ.

ಅಕ್ಕ ಒಂದು ತುತ್ತು ಬಾಯಿಗೆ ತುಂಬಿಕೊಂಡಳು. ಕಣ್ಣು ಮುಚ್ಚಿದಳು. ಬಾಯಿ ತೆರೆದು, ತುಟಿ ಅಗಲಿಸಿ, ಅಗಿದಳು.

ಚಪ್.

ನುಂಗದೆ ಮತ್ತೆ ಅಗಿದಳು. ಚಪ್... ಚಪ್... ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಲೊಚ್ ಎನ್ನಿಸಿದಳು. ಗಲ್ಲದ ಮೇಲೆ ಎಂಜಲು ಇಳಿಯಿತು. ಒರೆಸಿಕೊಳ್ಳಲಿಲ್ಲ, ಒರೆಸಿದರೆ ಸದ್ದು ನಿಲ್ಲುತ್ತದೆ. ಇನ್ನೊಂದು ತುತ್ತು ತುರುಕಿಕೊಂಡಳು. ಬಾಯಿಂದ ಅಗುಳು ಉದುರಿ ಮೈಕಿಗೆ ಅಂಟಿತು. ಸ್ಟೂಲಿನ ಮೇಲಿದ್ದ ಭಾವ ಮುಖ ಆಚೆ ತಿರುಗಿಸಿಕೊಂಡ. ಇಪ್ಪತ್ತು ವರ್ಷ ಸಂಸಾರ ಮಾಡಿದವನು... ಅವನಿಗೂ ನೋಡಲಾಗಲಿಲ್ಲ.

ಅಲ್ಲಿನ ಸದ್ದು ನಿಂತಿತು.

ಕಿವಿಗೊಟ್ಟು ಕೇಳುವಾಗ ಇರುತ್ತದಲ್ಲ, ಅಂಥ ಮೌನ. ಆಮೇಲೆ ಒಂದು ಚಪ್, ಮೆತ್ತಗೆ, ಅನುಮಾನದಲ್ಲಿ. ಅಕ್ಕ ಉತ್ತರ ಕೊಟ್ಟಳು. ಚಪ್. ಅದೂ ಕೊಟ್ಟಿತು. ಹೀಗೇ ಅವಳೊಂದು, ಅದೊಂದು... ಒಂದೇ ತಟ್ಟೆಗೆ ಕೂತವರ ಹಾಗೆ. ಸದ್ದು ದೂರದಿಂದ ಹತ್ತಿರಕ್ಕೆ ಬಂತು. ಎಡಗಿವಿಯಲ್ಲಿ. ಹೆಡ್‌ಫೋನಿನ ಒಳಗೆ. ಪೆಟ್ಟಿಗೆಯ ಹಸಿರು ದೀಪ ಪಟಪಟ ಹೊಡೆದುಕೊಂಡಿತು.

ಆಮೇಲೆ ಹೆಡ್‌ಫೋನಿನಲ್ಲಿ ಏನೂ ಇರಲಿಲ್ಲ. ಕುತ್ತಿಗೆಯ ಹಿಂದೆ, ಕೂದಲಿನ ಬುಡದಲ್ಲಿ, ಬೆಚ್ಚಗಿನ ಒದ್ದೆ ಉಸಿರು.

ಚಪ್.

"ರೀ... ಈಗ," ಎಂದಳು ಬಾಯಿ ತುಂಬಿಕೊಂಡೇ.

ಟಕ್. ಟಕ್.

ಪರದೆ ಕಪ್ಪಾಯಿತು. ಕೋಣೆ ತುಂಬ ಹಳೆಯ ನಾತ ಹರಡಿತು. ಅಕ್ಕ ಬಾಯಲ್ಲಿದ್ದದ್ದನ್ನು ತಟ್ಟೆಗೆ ಉಗಿದು, ತಟ್ಟೆಯನ್ನು ಕೋಣೆಯ ಮೂಲೆಗೆ ಸರಿಸಿದಳು. ಹಿಂದೆ ತಿರುಗಿ ನೋಡಲಿಲ್ಲ. ಮೂಲೆಯಲ್ಲಿ ಅದು ತಿನ್ನತೊಡಗಿತು. ಅದರ ಜೊತೆಗೆ ಇನ್ನೊಂದು ಸದ್ದೂ ಇತ್ತು. ಸಣ್ಣದು, ಮೆತ್ತನೆಯದು. ಮೊದಲು ಆ ಮನೆಯಲ್ಲಿ ಕೇಳಿದ್ದಲ್ಲ. ಕೆಮ್ಮು ಕೇಳಿ ರೋಗ ಹೇಳುವ ಅಕ್ಕನಿಗೂ ಅದು ಏನೆಂದು ಆಗ ಹೊಳೆಯಲಿಲ್ಲ.

ಬಾವಿಯ ಹತ್ತಿರ ಓಡಿಹೋಗಿ ನಾದಿನಿಗೆ ಫೋನ್ ಮಾಡಿದರು. ಅಲ್ಲಿ ಸದ್ದು ನಿಂತಿತ್ತು. ಕೂಸು ಹೊಟ್ಟೆ ತುಂಬ ಕುಡಿದು, ಎಷ್ಟೋ ದಿನದ ಮೇಲೆ ಕಣ್ತುಂಬ ನಿದ್ದೆ ಮಾಡುತ್ತಿತ್ತು. ನಾದಿನಿ ಫೋನಿನಲ್ಲೇ ಬಿಕ್ಕಿ ಬಿಕ್ಕಿ ಅತ್ತಳು.

ಅತ್ತೆಯನ್ನು ಕಾರು ಮಾಡಿಕೊಂಡು, ಮಂಡಿಗೆ ದಿಂಬು ಕೊಟ್ಟು, ಮಗಳ ಮನೆಗೆ ಸೇರಿಸಿ ಬಂದರು. ಅಕ್ಕ, ಭಾವ ಈಗಲೂ ಆ ಮನೆಯಲ್ಲೇ ಇದ್ದಾರೆ. ಯಾಕೆ ಬಿಡುವುದಿಲ್ಲ ಎಂದು ಕೇಳಬೇಡಿ. ಅವರು ಬಿಟ್ಟರೆ ಇನ್ಯಾರೋ ಬರುತ್ತಾರೆ, ತಂತಿ ತಪ್ಪಾಗಿದೆಯಲ್ಲ ಎಂದು ಅವರೂ ಸರಿಮಾಡುತ್ತಾರೆ. ಅಕ್ಕ ಮತ್ತೆ ಆಸ್ಪತ್ರೆಗೇ ಹೋಗಿ ಕೆಲಸ ಮಾಡುತ್ತಾಳೆ. ಊಟ ಅಲ್ಲಿಯ ಕ್ಯಾಂಟೀನಿನಲ್ಲಿ. ಆದರೂ ಇಳಿದಿದ್ದಾಳೆ, ಬಳೆಗಳು ಕೈಯಲ್ಲಿ ನಿಲ್ಲುವುದಿಲ್ಲ.

ಮೊನ್ನೆ ನಾದಿನಿ ಮಗುವನ್ನು ಎತ್ತಿಕೊಂಡು ನಮ್ಮ ದೊಡ್ಡಮ್ಮನ ಮನೆಗೆ ಬಂದಿದ್ದಳು. ನಾವೆಲ್ಲ ಇದ್ದೆವು. ಗುಂಡುಗುಂಡಗಿನ ಮಗು. ನಗುತ್ತದೆ, ಅಳುತ್ತದೆ, ಕೂಗಿದರೆ ಮನೆ ಹಾರಿಹೋಗಬೇಕು. ಎಲ್ಲ ಸರಿಯಾಗಿದೆ. ಹಸಿವಾಯಿತೆಂದು ನಾದಿನಿ ಸೀಸೆ ಕೊಟ್ಟಳು. ಅಕ್ಕ ತಟ್ಟನೆ ಎದ್ದು ಹಿತ್ತಲಿಗೆ ಹೋದಳು. ಯಾಕೋ ಎಂದು ನಾವು ನೋಡಿದೆವು.

ಸೀಸೆಯಲ್ಲಿ ಹಾಲು ಇಳಿಯುತ್ತಿತ್ತು. ಗುಳ್ಳೆಗಳು ಏಳುತ್ತಿದ್ದವು. ಮಗುವಿನ ಕೆನ್ನೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಗಂಟಲು ಆಡುತ್ತಿತ್ತು. ಸದ್ದಿಲ್ಲ. ಚೀಪಿದ್ದು ಕೇಳುವುದಿಲ್ಲ, ಗುಟುಕಿಲ್ಲ, ಏನೂ ಇಲ್ಲ. ಡಾಕ್ಟರುಗಳು ನೋಡಿ ಏನೂ ತೊಂದರೆಯಿಲ್ಲ ಎಂದಿದ್ದಾರೆ. ಸಣ್ಣ, ಮೆತ್ತನೆಯ ಆ ಸದ್ದು ಅಕ್ಕನ ಮನೆಯ ಮೂಲೆಯಲ್ಲಿದೆ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಾನೇ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಾಯಿಗೆ ಕಿವಿ ತಾಗಿಸಿ, ಸೀಸೆ ಮುಗಿಯುವವರೆಗೂ ಕೇಳಿದ್ದೇನೆ.